ಎದುರು ಕೂತವರಿಗೆ ಕಾಣುವ ಮುಖ

ಯಕ್ಷಗಾನದಲ್ಲಿ ನಮ್ಮ ಮುಖಕ್ಕೆ ನಾವೇ ಬಣ್ಣ ಹಚ್ಚಿಕೊಳ್ಳುವುದು ರೂಢಿ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಚಾಪೆ ಮೇಲೆ ಕೂತು, ಎದುರಿಗೊಂದು ಕನ್ನಡಿ ಒರಗಿಸಿಕೊಂಡು, ಕಡ್ಡಿಯಲ್ಲಿ ಗೆರೆ ಎಳೆದುಕೊಳ್ಳಬೇಕು. ನಾನು ಹವ್ಯಾಸಿ, ಪುಂಡುವೇಷದವನು, ಅಂದರೆ ಎಳೆಯ ವೀರರ ಪಾತ್ರ ಮಾಡುವವನು. ವರ್ಷಕ್ಕೆ ಏಳೆಂಟು ಆಟ ಸಿಕ್ಕಿದರೆ ಹೆಚ್ಚು. ಒಮ್ಮೆ ಅಭಿಮನ್ಯು ಮಾಡಿದ ಮರುದಿನ ಯಾರೋ ಕಳಿಸಿದ ಫೋಟೊ ನೋಡಿ ಮುಖ ಸಪ್ಪಗಾಯಿತು. ಎಡ ಹುಬ್ಬು ಬಲದ್ದಕ್ಕಿಂತ ಮೇಲೆ ಹಾರಿದೆ, ನಾಮ ಒಂದು ಕಡೆಗೆ ವಾಲಿದೆ. ಎರಡು ಗಂಟೆ ಕನ್ನಡಿ ನೋಡಿ ಬರೆದ ಮುಖ ಅದು! ಚೌಕಿಯಲ್ಲಿ ಪಕ್ಕದಲ್ಲೇ ಕೂರುವ ಹಿರಿಯರಿಗೆ ತೋರಿಸಿದರೆ, "ಅದು ಯಾವಾಗ್ಲೂ ಹಾಗೇ ಅಲ್ವಾ ಮಾರಾಯ, ನಿಂಗೆ ಗೊತ್ತುಂಟು ಅಂತ ಮಾಡಿದ್ದೆ" ಅಂದರು.

ಕನ್ನಡಿ ಎಡ-ಬಲ ತಿರುಗಿಸುತ್ತದೆ, ಅದಕ್ಕೇ ಹೀಗೆ ಅಂದುಕೊಂಡೆ. ಆದರೆ ಎಡ-ಬಲ ಮಾತ್ರ ತಿರುಗಿಸಿ ತಲೆ-ಕಾಲು ಯಾಕೆ ಬಿಡುತ್ತದೆ? ಸೀರೆ ಅಂಗಡಿಯ ಪಾರದರ್ಶಕ ಕವರಿನ ಮೇಲೆ ಮಾರ್ಕರ್‌ನಲ್ಲಿ 'ಅಭಿಮನ್ಯು' ಎಂದು ಬರೆದು, ಅಕ್ಷರ ನನಗೆ ಓದಲು ಬರುವಂತೆ ಹಿಡಿದು ಕನ್ನಡಿ ಮುಂದೆ ನಿಂತೆ. ಕನ್ನಡಿಯಲ್ಲೂ ಅದು ನೆಟ್ಟಗೇ ಓದಲು ಬಂತು. ಕಾಗದದಲ್ಲಿ ಬರೆದರೆ ಮಾತ್ರ ಉಲ್ಟಾ, ಯಾಕೆಂದರೆ ಅದನ್ನು ಕನ್ನಡಿಗೆ ತೋರಿಸಲು ತಿರುಗಿಸುವವರು ನಾವೇ. ಪಕ್ಕಕ್ಕೆ ತಿರುಗಿಸದೆ ಕೆಳಗಿನಿಂದ ಮೇಲಕ್ಕೆ ಮಗುಚಿ ತೋರಿಸಿದರೆ ಅಕ್ಷರ ತಲೆಕೆಳಗಾಗುತ್ತದೆ, ಎಡ-ಬಲ ಹಾಗೇ ಉಳಿಯುತ್ತದೆ. ಕನ್ನಡಿ ಅದಲುಬದಲು ಮಾಡುವುದು ಹಿಂದು-ಮುಂದನ್ನು ಮಾತ್ರ. ನನ್ನ ಬಲಗೈ ಬಲಕ್ಕೇ ಇರುತ್ತದೆ. ಒಳಗಿನವನು ನನ್ನಂತೆ ಒಬ್ಬ ಮನುಷ್ಯ, ತಿರುಗಿ ನನ್ನೆದುರು ನಿಂತಿದ್ದಾನೆ ಎಂದು ಭಾವಿಸಿದ ಕೂಡಲೇ ಅದು ಅವನ ಎಡಗೈಯಾಗುತ್ತದೆ.

ಸಭೆಯಲ್ಲಿ ಕೂತವರು ನೋಡುವ ಮುಖ ಕಾಣಬೇಕಾದರೆ ಎರಡು ಕನ್ನಡಿ ಬೇಕು, ಮೂಲೆಯಲ್ಲಿ ಸೇರಿಸಿದಂತೆ 90 ಡಿಗ್ರಿಗೆ. ಒಂದರಲ್ಲಿ ಮಗುಚಿದ್ದು ಇನ್ನೊಂದರಲ್ಲಿ ಮತ್ತೆ ಮಗುಚಿ ಸರಿಯಾಗುತ್ತದೆ. ಗಾಜಿನಂಗಡಿಯಲ್ಲಿ 6 ಇಂಚು ಅಗಲ, 9 ಇಂಚು ಎತ್ತರದ ಎರಡು ತುಂಡು ಕೊಯ್ಯಿಸಿ, ಅಂಚು ಪಾಲಿಶ್ ಮಾಡಿಸಿ, ಹಿಂದಿನಿಂದ ಟೇಪ್ ಅಂಟಿಸಿ ಪ್ಲೈವುಡ್ ಚೌಕಟ್ಟಿಗೆ ಕೂರಿಸಿದೆ. ನೋಡಿದರೆ ನನಗೆ ಎರಡು ಮೂಗು! ಬಡಗಿಯ ಮೂಲೆಮಟ್ಟ ಹಿಡಿದರೆ ಕೋನ 90ಕ್ಕಿಂತ ಕೂದಲೆಳೆ ಕಮ್ಮಿ. ಹಿಂದೆ ರಟ್ಟು ತುರುಕಿ ಅಗಲಿಸಿದೆ, ಈಗ ಮೂಗೇ ಕರಗಿ ಮುಖ ಸಪೂರವಾಯಿತು. ಕೋನ ಒಂದು ಡಿಗ್ರಿ ತಪ್ಪಿದರೆ ಬಿಂಬ ಎರಡು ಡಿಗ್ರಿ ಸರಿಯುತ್ತದೆ, ಅದೂ ಆಚೆ-ಈಚೆ ಎರಡೂ ಕಡೆ ವಿರುದ್ಧ ದಿಕ್ಕಿಗೆ. ಕೊನೆಗೆ ಹಳೆಯ ಲಗ್ನಪತ್ರಿಕೆಯ ಒಂದೊಂದೇ ಪಟ್ಟಿ ಸೇರಿಸಿ, ತೆಗೆದು, ಮೂಗು ಒಂದೇ ಆಗುವ ತನಕ ಹೊಂದಿಸಿದೆ. ಅರ್ಧ ಭಾನುವಾರ ಅದಕ್ಕೇ ಹೋಯಿತು.

ನಡುವಿನ ಸೀಳು ನಾಮದ ಮೇಲೇ ಬೀಳುತ್ತದಲ್ಲ ಎಂಬ ಹೆದರಿಕೆಯಿತ್ತು. ಆದದ್ದೇ ಬೇರೆ. ಒಂದು ಕಣ್ಣು ಮುಚ್ಚಿದರೆ ಸೀಳು ತೆರೆದ ಕಣ್ಣಿನ ಮೇಲೇ ಹೋಗಿ ನಿಲ್ಲುತ್ತದೆ, ತಲೆ ಎತ್ತ ಸರಿಸಿದರೂ ಬೆನ್ನು ಬಿಡುವುದಿಲ್ಲ. ಹಾಗಾಗಿ ನಾಮ ನೋಡಲು ಒಂದು ಕಣ್ಣು ಮುಚ್ಚಿಕೊಂಡರಾಯಿತು. ಮಾಮೂಲಿ ಕನ್ನಡಿಯಲ್ಲಿ ರಸಲೇಪ ಗಾಜಿನ ಹಿಂದಿರುವುದರಿಂದ ಗಾಜಿನ ದಪ್ಪವೂ ಸೀಳಿಗೆ ಸೇರುತ್ತದೆ. ಕನ್ನಡಿಗೆ ಉಗುರು ತಾಗಿಸಿದರೆ ಉಗುರಿಗೂ ಬಿಂಬಕ್ಕೂ ನಡುವೆ ಕಾಣುವ ಸಂದು ಅದೇ. ಕೇರಳದ ಆರನ್ಮುಳ ಕನ್ನಡಿ ಹೊಳಪು ಕೊಟ್ಟ ಲೋಹದ್ದು, ಅದರಲ್ಲಿ ಈ ಸಂದು ಇಲ್ಲ. ಅಂಥವು ಎರಡು ಜೋಡಿಸಿದರೆ ಚೆನ್ನ, ಆದರೆ ನನ್ನ ಜೇಬಿಗೆ ಅದಲ್ಲ.

ನನ್ನ ಮೂಲೆ ಕನ್ನಡಿಯಲ್ಲಿ ಮೊದಲ ಸಲ ನೆಟ್ಟಗೆ ನೋಡಿಕೊಂಡಾಗ ಖುಷಿಯಾಗಲಿಲ್ಲ. ಬೈತಲೆ ಆಚೆ ಕಡೆ, ತುಟಿ ಸೊಟ್ಟ. ಬಲಕ್ಕೆ ವಾಲಿದರೆ ಅವನು ನನ್ನ ಎಡಕ್ಕೆ ವಾಲುತ್ತಾನೆ, ಎದುರಿಗೆ ಯಾರೋ ನಿಂತ ಹಾಗೆ. 1977ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಜನರು ತಮ್ಮ ಕನ್ನಡಿಬಿಂಬದಂಥ ಫೋಟೊವನ್ನೇ ಹೆಚ್ಚಾಗಿ ಮೆಚ್ಚಿದ್ದರು, ಅವರ ಸ್ನೇಹಿತರು ನಿಜ ಮುಖದ್ದನ್ನು. ಕಣ್ಣಿಗೆ ಪಳಗಿದ್ದೇ ಚಂದ. ನನ್ನ ಹುಬ್ಬು ನನಗೆ ಕಾಣದೆ ಹೋದದ್ದೂ ಅದೇ ಪಳಗಿಕೆಯಿಂದ. ಮಗಳಿಗೆ ಇದ್ಯಾವುದೂ ಬೇಡ. ಅವಳು ಸೀಳು ಅಡ್ಡ ಬರುವಂತೆ ಚೌಕಟ್ಟನ್ನು ಮಲಗಿಸಿ, ಅಪ್ಪ ತಲೆಕೆಳಗಾದದ್ದು ನೋಡಿ ನಗುತ್ತಾಳೆ.

ಮೊಬೈಲ್ ಸಾಕಲ್ಲವೇ ಎಂದು ಕೇಳುವವರುಂಟು. ಸೆಲ್ಫಿ ತೆಗೆಯುವಾಗ ಪರದೆಯಲ್ಲಿ ಕಾಣುವುದೂ ಸಾಮಾನ್ಯವಾಗಿ ಕನ್ನಡಿಬಿಂಬವೇ. ಸೆಟ್ಟಿಂಗ್ ನೋಡಿಕೊಳ್ಳಬೇಕು. ಹತ್ತಿರ ಹಿಡಿದರೆ ಮೂಗೂ ದಪ್ಪ ಕಾಣುತ್ತದೆ.

ಒಂದು ತಪ್ಪು ಮಾಡಿದೆ: ಮೂಲೆ ಕನ್ನಡಿ ನೋಡಿಕೊಂಡೇ ಬಣ್ಣ ಬರೆಯಲು ಹೋದೆ. ಕಡ್ಡಿಯನ್ನು ಬಲಕ್ಕೆ ಒಯ್ದರೆ ಬಿಂಬ ಎಡಕ್ಕೆ ಓಡುತ್ತದೆ. ಗಾಬರಿಯಲ್ಲಿ ಕೈ ಇನ್ನೂ ಬಲಕ್ಕೆ ಹೋಗುತ್ತದೆ. ಕಾಡಿಗೆ ಕಿವಿವರೆಗೆ ಹೋಯಿತು. ತೆಂಗಿನೆಣ್ಣೆ ಹಾಕಿ ಒರೆಸಿ ಮತ್ತೆ ಮೊದಲಿನಿಂದ. ಈಗ ಬರೆಯುವುದು ಸಾದಾ ಕನ್ನಡಿಯಲ್ಲಿ, ಪರೀಕ್ಷೆ ಮಾತ್ರ ಮೂಲೆಯಲ್ಲಿ, ತಲೆಯುಡುಗೆ ಕಟ್ಟುವ ಮುಂಚೆ. ನನ್ನ ಎಡ ಹುಬ್ಬಿನ ಎಲುಬೇ ತುಸು ಮೇಲಿದೆ ಎಂದು ಹಾಗೆ ತಿಳಿಯಿತು, ಗೆರೆಯನ್ನು ಅಷ್ಟು ತಗ್ಗಿಸಿ ಎಳೆಯುತ್ತೇನೆ. ಸಾದಾ ಕನ್ನಡಿಯಲ್ಲಿ ಅದು ಇವತ್ತಿಗೂ ತಪ್ಪು ಬರೆದಂತೆಯೇ ಕಾಣುತ್ತದೆ. ಕೈ ತಿದ್ದಲು ಹೋಗುತ್ತದೆ, ಹಿಡಿದು ನಿಲ್ಲಿಸುತ್ತೇನೆ.