ಹಕ್ಕಿ ಮರೆಗೆ ಗುಜರಿ ಪೈಪಿನ ಕಂಬ: ನನ್ನ ಅನುಭವ

ಹಕ್ಕಿ ಫೋಟೊ ತೆಗೆಯುವವರು ಹಕ್ಕಿಗೆ ಕಾಣದಂತೆ ಕೂರಲು ಮರೆ ಕಟ್ಟುವಾಗ ಬಟ್ಟೆಗೆ ದುಡ್ಡು ಸುರಿಯುತ್ತಾರೆ. ಎಲೆ ಚಿತ್ರದ ಬಲೆ, ಮಿಲಿಟರಿ ಬಣ್ಣದ ಗುಡಾರ, ಅದಕ್ಕೊಪ್ಪುವ ಟೋಪಿ. ನನ್ನನ್ನು ಕೇಳಿದರೆ ದುಡ್ಡು, ತಲೆ ಎರಡನ್ನೂ ಖರ್ಚು ಮಾಡಬೇಕಾದದ್ದು ಕಂಬಕ್ಕೆ. ಅದರಲ್ಲೂ ಕಂಬದ ಕೆಳಗಿನ ಒಂದು ಅಡಿಗೆ. ಹಕ್ಕಿ ಬಟ್ಟೆಯ ಬಣ್ಣಕ್ಕಿಂತ ಬೇಗ ಅಲುಗಾಟವನ್ನು ಗುರುತಿಸುತ್ತದೆ. ಹಳೇ ಗೋಣಿತಾಟು ಕಟ್ಟಿದರೂ ಅಲುಗದೆ ನಿಂತರೆ ಗೌಜಲಹಕ್ಕಿ ಹತ್ತಿರಕ್ಕೇ ನಡೆದು ಬರುತ್ತದೆ. ದುಬಾರಿ ಬಲೆ ಗಾಳಿಗೆ ಪಟಪಟ ಅಂದರೆ ಬೆಳವ ಕೂಡ ಕೆಳಗಿಳಿಯುವುದಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಬಯಲು. ರಾಗಿ, ಕಡಲೆಕಾಯಿ ಬೆಳೆಯುವ ಕೆಂಪು ಗರಸು ನೆಲ. ಹೊಲದ ಮೂಲೆಯಲ್ಲಿ ಒಂದು ನೀರಿನ ತೊಟ್ಟಿ ಇದೆ. ಬೇಸಿಗೆಯಲ್ಲಿ ಸುತ್ತಮುತ್ತಲಿನ ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. ಪಿಕಳಾರ, ಗೊರವಂಕ, ಮಡಿವಾಳ, ಅದೃಷ್ಟ ಇದ್ದರೆ ನೀಲಕಂಠ. ಬಿಸಿಲು ಬೇರೆ ದಿಕ್ಕಿನಿಂದ ಬಿದ್ದಾಗ, ಪಕ್ಕದಲ್ಲಿ ಬೆಳೆ ಎದ್ದಾಗ ಮರೆಯ ಜಾಗ ಬದಲಾಯಿಸಬೇಕಾಗುತ್ತದೆ. ಆದ್ದರಿಂದ ಕಿತ್ತು ನೆಡುವ ಕಂಬ ಬೇಕಿತ್ತು.

ಈ ನಮೂನೆ ನನ್ನ ಸ್ವಂತದ್ದಲ್ಲ. ಇಂಗ್ಲೆಂಡಿನಲ್ಲಿ ಬೆಳೆಗೆ ಬೀಳುವ ಕಾಡುಪಾರಿವಾಳ ಹೊಡೆಯುವವರು ಹೊಲದ ಅಂಚಿನಲ್ಲಿ ಬಲೆ ಕಟ್ಟಿ ಕೂರುತ್ತಾರೆ. ಅವರ ಕಂಬದಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಜಾರುತ್ತದೆ. ತುದಿಯಲ್ಲಿ ಕವೆ, ಬುಡದಲ್ಲಿ ಚೂಪು ಮೊಳೆ, ಅದರ ಮೇಲೆ ಕಾಲಿಟ್ಟು ಒತ್ತಲು ಒಂದು ಮೆಟ್ಟು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ನಾನು ಬಂದೂಕು ಬಿಟ್ಟೆ, ಕಂಬ ಇಟ್ಟುಕೊಂಡೆ.

ಬಿದಿರು ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಬೇಡ ಅಂತೇನಿಲ್ಲ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಲ್ಲುವ ಮರೆಗೆ ಬಿದಿರೇ ಸರಿ. ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರನ್ನು 2017ರ ತಿದ್ದುಪಡಿಯ ನಂತರ ಅರಣ್ಯ ಕಾಯ್ದೆ ಮರ ಅಂತ ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಕಡಿಯುವ ತಲೆನೋವೂ ಕಮ್ಮಿ. ಕಡಿಯುವುದಾದರೆ ಎಳೆ ಗಳ ಬೇಡ, ಮೂರು ವರ್ಷ ದಾಟಿದ್ದನ್ನು ಮಳೆಗಾಲ ಕಳೆದ ಮೇಲೆ ಕಡಿಯಿರಿ. ಕೆಲವು ವಾರ ಕೆರೆ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ. ನೀರು ಗಳದೊಳಗಿನ ಗಂಜಿಯ ಅಂಶವನ್ನು ಎಳೆದುಕೊಳ್ಳುತ್ತದೆ. ಕುಟ್ಟೆಹುಳಕ್ಕೆ ಬೇಕಾದದ್ದು ಆ ಗಂಜಿಯೇ. ಆದರೆ ಬಿದಿರಿನ ಎತ್ತರವನ್ನು ಬೇಕಾದಂತೆ ಏರಿಸಿ ಇಳಿಸಲು ಆಗುವುದಿಲ್ಲ. ಬೈಕಿಗೆ ಕಟ್ಟಿಕೊಂಡು ಹೋಗುವುದೂ ಕಷ್ಟ.

ನಾನು ಹುಡುಕಿದ್ದು ಕರೆಂಟ್ ವೈರ್ ಎಳೆಯುವ ಕಂಡ್ಯೂಟ್ ಪೈಪ್. ಇದರ ಅಳತೆಯನ್ನು ಹೊರಗಿನ ವ್ಯಾಸದಲ್ಲಿ ಹೇಳುತ್ತಾರೆ. ಅದೇ ಇಲ್ಲಿ ಅನುಕೂಲ. 25 ಎಂಎಂ ಕಬ್ಬಿಣದ ಪೈಪಿನ ಗೋಡೆ 1.6 ಎಂಎಂ ದಪ್ಪ ಇದ್ದರೆ ಒಳಗೆ 21.8 ಎಂಎಂ ಜಾಗ ಉಳಿಯುತ್ತದೆ. 20 ಎಂಎಂ ಪೈಪ್ ಅದರೊಳಗೆ ಸಲೀಸಾಗಿ ಜಾರುತ್ತದೆ. ನೀರಿನ ಜಿಐ ಪೈಪಿನಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ, ಭಾರವೂ ಜಾಸ್ತಿ. ಹಳೇ ಕಟ್ಟಡ ಕೆಡವಿದ ಕಡೆಯ ಕಬ್ಬಿಣದ ಕಂಡ್ಯೂಟ್ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಬಗ್ಗಿದ್ದನ್ನು ಬಿಟ್ಟು ನೇರ ಇರುವುದನ್ನು ಆರಿಸಿ. ಒಳಗೆ ತುಕ್ಕಿನ ಗಂಟು ಇದೆಯೇ ಅಂತ ನೋಡಲು 20 ಎಂಎಂ ತುಂಡೊಂದನ್ನು ಜೊತೆಗೆ ಒಯ್ದು ಅಲ್ಲೇ ತೂರಿಸಿ ನೋಡಿ.

ಕೆಳಗಿನ ಅರ್ಧ 25 ಎಂಎಂ ಕಬ್ಬಿಣ, ಅದರೊಳಗೆ ಜಾರುವ ಮೇಲಿನ ಅರ್ಧ 20 ಎಂಎಂ ಪಿವಿಸಿ. ಇದು ಬರೀ ಉಳಿತಾಯಕ್ಕಲ್ಲ. ಕಬ್ಬಿಣದೊಳಗೆ ಕಬ್ಬಿಣ ಇದ್ದರೆ ಗಾಳಿ ಬೀಸಿದಾಗಲೆಲ್ಲ ಟಣ್ ಅನ್ನುತ್ತದೆ. ಒಮ್ಮೆ ಟಣ್ ಅಂದರೆ ತೊಟ್ಟಿಯ ಮೇಲಿನ ಹಕ್ಕಿಯೆಲ್ಲ ಖಾಲಿ. ಪಿವಿಸಿ ಸುಮ್ನೆ ಇರುತ್ತದೆ. ಎರಡೂ ಪೈಪ್ ಮೂರು ಮೀಟರ್ ಉದ್ದದಲ್ಲಿ ಸಿಕ್ಕರೆ ಒಂದೊಂದು ಮೀಟರಿಗೆ ಕೊಯ್ಯಿರಿ, ಚೂರೂ ವ್ಯರ್ಥವಾಗುವುದಿಲ್ಲ. ಎರಡೆರಡು ಪೈಪಿನಿಂದ ಆರು ಕಂಬ. ಮರೆಗೆ ಐದು ಸಾಕು, ಒಂದು ಹೆಚ್ಚಿಗೆ. ಒಂದರೊಳಗೊಂದು ಕನಿಷ್ಠ ಒಂದು ಗೇಣು ಉಳಿಯಬೇಕು. ಹಾಗೆ ಪೂರ್ತಿ ಎಳೆದರೆ ಐದೂವರೆ ಅಡಿ ಮೇಲೆ ಬರುತ್ತದೆ. ಕೂತು ಫೋಟೊ ತೆಗೆಯಲು ಅಷ್ಟೂ ಬೇಕಾಗುವುದಿಲ್ಲ.

ಈಗ ಬುಡ. ಮನೆ ಕಟ್ಟುವ ಜಾಗದಲ್ಲಿ ಬಿದ್ದಿರುವ 12 ಎಂಎಂ ಕಂಬಿಯ ತುಂಡುಗಳನ್ನು ಕೇಳಿ ತಂದೆ. ಒಂದೊಂದು 16 ಇಂಚು. 16 ಎಂಎಂ ಕಂಬಿ ಇನ್ನೂ ಗಟ್ಟಿ ಅಲ್ವಾ ಅನ್ನಬಹುದು. ಆದರೆ 12 ಎಂಎಂ ಕಂಬಿ ಮೀಟರಿಗೆ ಸುಮಾರು 890 ಗ್ರಾಂ ತೂಗಿದರೆ 16 ಎಂಎಂ ಒಂದೂವರೆ ಕಿಲೊ ದಾಟುತ್ತದೆ. ಹೊರುವವರು ನಾವೇ ತಾನೆ? ಆರು ಇಂಚು ಪೈಪಿನೊಳಗೆ, ಹತ್ತು ಇಂಚು ಹೊರಗೆ. ಪೈಪಿನ ಬಾಯಿಯನ್ನು ಸುತ್ತಿಗೆಯಿಂದ ತಟ್ಟಿ ಕಂಬಿಗೆ ಕಚ್ಚಿಕೊಳ್ಳುವಂತೆ ಮಾಡಿದ ಮೇಲೆ ವೆಲ್ಡಿಂಗ್. ಬರೀ ಬಾಯಿಗೆ ವೆಲ್ಡಿಂಗ್ ಹಾಕಿದರೆ ಕಂಬಿ ಒಳಗೆ ಓಲಾಡುತ್ತದೆ, ನಾಲ್ಕು ಸಲ ನೆಟ್ಟು ಕೀಳುವಷ್ಟರಲ್ಲಿ ಬೆಸುಗೆ ಬಿಡುತ್ತದೆ. ಅದೇ ಜಾಗದಲ್ಲಿ ಪಕ್ಕಕ್ಕೆ ನಾಲ್ಕು ಇಂಚಿನ ಕಬ್ಬಿಣದ ಪಟ್ಟಿ. ಇದೇ ಮೆಟ್ಟು. ಇದರ ಮೇಲೆ ಪಾದ ಇಟ್ಟು ಮೈಭಾರ ಬಿಟ್ಟರೆ ಕಂಬ ಸದ್ದಿಲ್ಲದೆ ಇಳಿಯುತ್ತದೆ. ಬೆಳಗಿನ ಜಾವ ಸುತ್ತಿಗೆಯಿಂದ ಬಡಿದರೆ ಮೊದಲು ಏಳುವುದು ಟಿಟ್ಟಿಭ. ಅದು ಕೂಗಲು ಶುರು ಮಾಡಿದರೆ ಆವತ್ತಿನ ಕೆಲಸ ಮುಗಿದಂತೆ.

ಗೇಟು, ಗ್ರಿಲ್ ಮಾಡುವ ಅಂಗಡಿಯ ಹುಡುಗ ಇದನ್ನು ನೋಡಿ, "ಏನಣ್ಣ, ಟೊಮೊಟೊಗೆ ಊರುಗೋಲಾ?" ಅಂದ. ಹಕ್ಕಿ ನೋಡೋಕೆ ಅಂದರೆ ನಂಬಲಿಲ್ಲ. ಕೆಲಸ ಮಾತ್ರ ಚೊಕ್ಕ ಮಾಡಿದ. ಒಂದು ಎಚ್ಚರ: ಪೈಪಿಗೆ ಸತುವಿನ ಲೇಪ ಇದ್ದರೆ ವೆಲ್ಡಿಂಗ್ ಜಾಗದಲ್ಲಿ ಅದನ್ನು ಮೊದಲೇ ಉಜ್ಜಿ ತೆಗೆಸಿ. ಸತು ಸುಟ್ಟ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಕೆಲಸ ಬಯಲಲ್ಲಿ ಆದರೆ ಒಳ್ಳೆಯದು.

ಎತ್ತರ ನಿಲ್ಲಿಸಲು ನಟ್ಟು ಬೋಲ್ಟಿನ ಉಪಾಯ ಚೆನ್ನಾಗಿದೆ, ಆದರೆ ಬಿಗಿ ಮಾಡಿದಷ್ಟೂ ಪಿವಿಸಿ ನಜ್ಜುಗುಜ್ಜಾಗುತ್ತದೆ. ನಾನು ತೂತು ಮತ್ತು ಮೊಳೆ ಮಾಡಿಕೊಂಡೆ. ಕಬ್ಬಿಣದ ಮೇಲ್ತುದಿಯಿಂದ ಎರಡು ಇಂಚು ಕೆಳಗೆ ಆರಪಾರ ಒಂದು ತೂತು. ಪಿವಿಸಿಯಲ್ಲಿ ನಾಲ್ಕು ನಾಲ್ಕು ಇಂಚಿಗೆ ಒಂದು. ಮೊಳೆಯನ್ನು ದಾರದಿಂದ ಪೈಪಿಗೇ ಕಟ್ಟಿಬಿಡಿ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಎರಡು ಪೈಪಿನ ನಡುವಿನ ಸಂದಿಗೆ ಪಿವಿಸಿಯ ಕೆಳತುದಿಯಲ್ಲಿ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿ. ಜಾರುವಾಗ ಸ್ವಲ್ಪ ಹಿಡಿದಂತೆ ಆಗುತ್ತದೆ, ಆದರೆ ಗಡಗಡ ನಿಲ್ಲುತ್ತದೆ.

ಮೇಲಿನ ಕವೆಗೆ ಕಾಸು ಬೇಡ. ಕವಣೆ ಮಾಡಿ ಆಡಿದವರಿಗೆಲ್ಲ ಗೊತ್ತು, ಸೀಬೆ ಕವೆಯಷ್ಟು ಗಟ್ಟಿ ಇನ್ನೊಂದಿಲ್ಲ. ಬೆರಳು ದಪ್ಪದ ಕವೆ ಕಡಿದು ಒಣಗಿಸಿ, ಹಿಡಿಯನ್ನು ಪೈಪಿನೊಳಗೆ ಬಿಗಿಯಾಗಿ ಕೂರುವಷ್ಟು ಹೆರೆದು ತಟ್ಟಿ ಕೂರಿಸಿದೆ. ಹಸಿಯಾಗಿ ಕೂರಿಸಬೇಡಿ, ಒಣಗಿದ ಮೇಲೆ ಸೊರಗಿ ಕಳಚಿ ಬೀಳುತ್ತದೆ.

ಬಣ್ಣದ ವಿಷಯದಲ್ಲಿ ಜಾಸ್ತಿ ಯೋಚನೆ ಬೇಡ, ಹೊಳೆಯಬಾರದು ಅಷ್ಟೆ. ಗೇಟಿಗೆ ಮೊದಲು ಹೊಡೆಯುವ ರೆಡ್ ಆಕ್ಸೈಡ್ ಪ್ರೈಮರ್ ನಮ್ಮ ಕೆಂಪು ಮಣ್ಣಿಗೆ ಹೇಳಿ ಮಾಡಿಸಿದ ಬಣ್ಣ. ಹಸಿ ಇರುವಾಗಲೇ ಮೇಲೆ ಒಣ ಮಣ್ಣು ಉದುರಿಸಿದರೆ ಹೊಳಪು ಪೂರ್ತಿ ಹೋಗುತ್ತದೆ. ಪಿವಿಸಿಗೆ ಉಪ್ಪುಕಾಗದ ತಿಕ್ಕದೆ ಬಣ್ಣ ಹಿಡಿಯುವುದಿಲ್ಲ. ಕಪ್ಪು ಪೈಪನ್ನೇ ಕೊಂಡರೆ ಆ ಕೆಲಸವೂ ತಪ್ಪುತ್ತದೆ.

ಗುಜರಿ, ಪಿವಿಸಿ, ವೆಲ್ಡಿಂಗ್ ಕೂಲಿ, ಪ್ರೈಮರ್ ಎಲ್ಲ ಸೇರಿಯೂ ಒಂದು ಒಳ್ಳೆ ಕ್ಯಾಮೆರಾ ಚೀಲದ ಬೆಲೆಗಿಂತ ಕಮ್ಮಿ ಬಿತ್ತು. ಒಂದು ಕಂಬ ಒಂದೂವರೆ ಕಿಲೊ ಮೇಲೆ ಸ್ವಲ್ಪ ತೂಗುತ್ತದೆ.

ನೆಡುವುದರಲ್ಲೂ ಒಂದಿಷ್ಟು ಮರ್ಮ ಇದೆ. ನಾಲ್ಕು ಮೂಲೆಗೆ ನಾಲ್ಕು, ಐದು ಅಡಿ ಅಂತರ. ಐದನೆಯದು ಮುಂಭಾಗದ ನಡುವೆ, ಕ್ಯಾಮೆರಾ ಕಿಂಡಿಯ ಪಕ್ಕ. ಕಂಬ ನೆಟ್ಟಗೆ ನಿಲ್ಲಬಾರದು, ಚೂರು ಹೊರಕ್ಕೆ ವಾಲಬೇಕು. ಆಗ ಬಲೆ ತಾನೇ ಬಿಗಿಯಾಗುತ್ತದೆ, ಪಟಪಟ ಅನ್ನುವುದಿಲ್ಲ. ಆಷಾಢದ ಗಾಳಿಗೆ ಇಷ್ಟೂ ಸಾಲದು, ಹಿಂದಿನ ಎರಡು ಕಂಬದಿಂದ ಗೂಟಕ್ಕೆ ಹಗ್ಗ ಎಳೆಯಬೇಕು. ಬಟ್ಟೆಗೆ ನಾನು ಬಳಸುವುದು ನರ್ಸರಿಯ ನೆರಳುಬಲೆ, ಮುಂದೆ ಗೋಣಿತಾಟು. ಬೆನ್ನ ಹಿಂದೆ ಬಲೆ ಎರಡು ಪದರ ಇರಲಿ. ಹಿಂದಿನಿಂದ ಬೆಳಕು ಬಂದರೆ ಒಳಗಿನ ನಿಮ್ಮ ಆಕಾರ ಹಾಗೇ ಕಾಣುತ್ತದೆ. ಮೇಲೂ ಮುಚ್ಚಿ. ಕಾಗೆ ಮೇಲಿಂದ ನೋಡಿದರೆ ಊರಿಗೆಲ್ಲ ಸಾರುತ್ತದೆ.

ಬೇಸಿಗೆಯ ಗರಸು ನೆಲ ಮೆಟ್ಟಿಗೂ ಬಗ್ಗುವುದಿಲ್ಲ. ಹಿಂದಿನ ಸಂಜೆ ಕಂಬ ಬರುವ ಜಾಗಕ್ಕೆ ಒಂದೊಂದು ಚೆಂಬು ನೀರು ಹುಯ್ದರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಹಾರೆಯಿಂದ ತೂತು ಮಾಡಿಡಿ. ಕೆರೆ ಅಂಗಳದ ಕೆಸರಿನಲ್ಲಿ ಇದರ ಉಲ್ಟಾ. ಹತ್ತು ಇಂಚು ಕಂಬಿ ಬೆಣ್ಣೆಯಲ್ಲಿ ಇಳಿದಂತೆ ಇಳಿದು ವಾಲಿಬಿಡುತ್ತದೆ. ಅಲ್ಲಿಗೆ ಈ ಕಂಬ ಬೇಡ, ಉದ್ದ ಬಿದಿರು ಗಳವನ್ನೇ ಎರಡು ಅಡಿ ಇಳಿಸಿ. ಕೀಳುವಾಗ ಎಲ್ಲಿಯಾದರೂ ಸರಿ, ನೇರ ಎಳೆಯಬೇಡಿ, ಮೆಟ್ಟನ್ನು ಹಿಡಿದು ತಿರುಗಿಸುತ್ತ ಎಳೆಯಿರಿ.

ಇನ್ನು ಹುಷಾರು ಮಾತುಗಳು. ಹೊಲದ ಮೇಲೆ ಜೋತುಬಿದ್ದ ಪಂಪ್‌ಸೆಟ್ ತಂತಿ ಎಲ್ಲ ಕಡೆ ಇವೆ. ಕಬ್ಬಿಣದ ಕಂಬವನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು ಅದರ ಕೆಳಗೆ ಹೋಗಬೇಡಿ, ಮಡಚಿ ಅಡ್ಡ ಹಿಡಿದು ಹೋಗಿ. ತಂತಿಯ ಕೆಳಗೆ ಮರೆ ಕಟ್ಟಲೇಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಎದ್ದು ಮನೆಗೆ ಬನ್ನಿ. ಬಲೆಯನ್ನು ನೆಲದ ಮೇಲೆ ಬಿಟ್ಟು ಬಂದರೆ ಕೇರೆಹಾವು ಸಿಕ್ಕಿಹಾಕಿಕೊಂಡು ಸಾಯುತ್ತದೆ, ದಿನಾ ಬಿಚ್ಚಿ ಸುತ್ತಿಡಿ. ಕಂಬ, ಗೋಣಿತಾಟು ಮಾತ್ರ ಕೆಲವು ದಿನ ಅಲ್ಲೇ ನಿಂತಿರಲಿ, ಹಕ್ಕಿಗೆ ಅಭ್ಯಾಸವಾಗುತ್ತದೆ. ಗೂಡಿನ ಎದುರು ಮರೆ ಹಾಕುವುದಂತೂ ಬೇಡವೇ ಬೇಡ. ತಾಯಿಹಕ್ಕಿ ಗೂಡು ಬಿಟ್ಟರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಕಾಡಿನೊಳಗೆ, ಸಂರಕ್ಷಿತ ಕೆರೆಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ನೆಡುವಂತಿಲ್ಲ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹೋದಾಗ ನಾನು ಕಂಬವನ್ನು ಮನೆಯಲ್ಲೇ ಬಿಟ್ಟು ದೂರದಿಂದಲೇ ದುರ್ಬೀನು ಹಿಡಿದು ನಿಂತೆ.

ಸ್ವಂತ ಹೊಲದಲ್ಲೂ ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಬೆಳಗಿನ ಜಾವ ಗೋಣಿಯೊಳಗೆ ಒಬ್ಬ ಕೂತಿದ್ದಾನೆ ಅಂದರೆ ಶಿಕಾರಿಯವನು ಅಂತಲೇ ಅನುಮಾನ ಬರುವುದು. ಹಂದಿ ಕಾಯಲು ಬಂದವರು ಕತ್ತಲಲ್ಲಿ ಕಲ್ಲು ಬೀರಿದರೂ ತಪ್ಪು ಅವರದ್ದಲ್ಲ. ನಾನು ಕೂರುವ ದಿನ ಹಿಂದಿನ ಸಂಜೆಯೇ ಪಕ್ಕದ ಹೊಲದವರಿಗೆ ಫೋನ್ ಮಾಡುತ್ತೇನೆ. ಉಳಿದಿದ್ದ ಆರನೇ ಕಂಬದ ಕವೆ ತೆಗೆದು ಕ್ಯಾಮೆರಾ ಕೂರುವ ಬೋಲ್ಟ್ ಹಾಕಿಸಬೇಕು ಅಂತ ಇದೆ. ಅದಕ್ಕೆ ಮೇಲಿನ ಅರ್ಧವೂ ಕಬ್ಬಿಣವೇ ಬೇಕು, ಪಿವಿಸಿ ಲೆನ್ಸಿನ ಭಾರಕ್ಕೆ ಬಾಗುತ್ತದೆ. ಟಣ್ ಅನ್ನದಿರಲಿ ಅಂತ ನಡುವೆ ಸೈಕಲ್ ಟ್ಯೂಬನ್ನು ಎರಡು ಕಡೆ ಸುತ್ತುತ್ತೇನೆ.