ರೀಫ್ ಟ್ಯಾಂಕ್: ಆಲ್-ಇನ್-ಒನ್ ಸಾಕಾ, ಸಂಪ್ ಬೇಕಾ?

ರೀಫ್ ಟ್ಯಾಂಕ್ ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ. ಸಂಪ್ ಅಂದರೆ ಅದರ ಕೆಳಗೆ ಇಡುವ ಇನ್ನೊಂದು ತೊಟ್ಟಿ; ಟ್ಯಾಂಕಿನ ನೀರು ಅಲ್ಲಿಗೆ ಇಳಿಯುತ್ತದೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಮೊದಲು ಜಾಗ ಅಳೆಯಿರಿ, ಅಂಗಡಿಗೆ ಆಮೇಲೆ ಹೋಗಿ. ಒಂದು ಜೋಡಿ ಕ್ಲೌನ್ ಮೀನು, ನಾಲ್ಕು ಮೆತ್ತನೆಯ ಹವಳ, ಅಷ್ಟೇ ಸಾಕು ಅನ್ನುವವರಿಗೆ 80 ಲೀಟರಿನ ಆಲ್-ಇನ್-ಒನ್ ಚೆನ್ನಾಗಿಯೇ ನಡೆಯುತ್ತದೆ. ಫಿಲ್ಟರ್ ಗೂಡು ಟ್ಯಾಂಕಿನ ಹಿಂಬದಿಯಲ್ಲೇ ಇರುತ್ತದೆ, ಪೈಪಿನ ರಗಳೆ ಇಲ್ಲ. ಆದರೆ ಗೂಡು ಇಕ್ಕಟ್ಟು. ಒಳ್ಳೆಯ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಹಿಡಿಸುವುದೇ ಕಷ್ಟ. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ ಅಲ್ವಾ, ಹಾಗಾಗಿ ಚಿಕ್ಕ ಟ್ಯಾಂಕಿನಲ್ಲಿ ನೀರಿನ ಸಾಂದ್ರತೆ ಇರಬೇಕಾದ 1.025ರಿಂದ ಬೇಗ ಮೇಲೇರುತ್ತದೆ. ದಿನಾ ಆರ್‌ಓ ನೀರು ಸೇರಿಸಿ, ಉಪ್ಪುನೀರಲ್ಲ.

ಅಕ್ರೊಪೊರಾ ಅನ್ನುವ ಗಟ್ಟಿ ಹವಳ, ಟ್ಯಾಂಗ್ ಮೀನು ಅಂತ ಆಸೆ ಇದ್ದರೆ ಟ್ಯಾಂಕ್ ದೊಡ್ಡದೇ ಬೇಕು, ಅಲ್ಲಿ ಸಂಪ್ ಒಳ್ಳೆಯದು. ನೀರು ಜಾಸ್ತಿ, ಏರುಪೇರು ಕಡಿಮೆ. ಹೀಟರ್, ಸ್ಕಿಮ್ಮರ್ ಎಲ್ಲಾ ಸ್ಟ್ಯಾಂಡಿನೊಳಗೆ ಅಡಗುತ್ತವೆ.

ಸಂಪಿನ ನಿಜವಾದ ಪರೀಕ್ಷೆ ಕರೆಂಟ್ ಹೋದಾಗ. ಪಂಪ್ ನಿಂತ ಕೂಡಲೇ ಮೇಲಿನ ಟ್ಯಾಂಕಿನ ನೀರು ರಿಟರ್ನ್ ಪೈಪಿನಲ್ಲೇ (ಪಂಪಿನಿಂದ ಮೇಲಕ್ಕೆ ಹೋಗುವ ಪೈಪ್) ಉಲ್ಟಾ ಇಳಿಯುತ್ತದೆ, ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. ನಾನು ಆ ಬಾಯಿಯನ್ನು ಸುಮ್ನೆ ಆಳಕ್ಕೆ ಇಟ್ಟಿದ್ದೆ. ರಾತ್ರಿ ಎದ್ದು ಕಾಲಿಟ್ಟರೆ ಹಾಲ್ ತುಂಬಾ ಉಪ್ಪುನೀರು! ನೀವು ಬಾಯಿಯನ್ನು ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ತೀರಾ ಹತ್ತಿರ ಇಡಿ. ಆಮೇಲೆ ಬೇಕೆಂದೇ ಪಂಪ್ ಆಫ್ ಮಾಡಿ, ಸಂಪ್ ಉಕ್ಕದಿದ್ದರೆ ಪಂಪ್ ಮತ್ತೆ ಓಡಿಸಿ, ಆಗ ಸಂಪಿನಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಆ ಗೆರೆ ದಾಟಿ ನೀರು ತುಂಬಬೇಡಿ.