ಎಲೆಕ್ಟ್ರಿಕ್ ಕಾರನ್ನು ಡ್ರ್ಯಾಗ್ ಸ್ಟ್ರಿಪ್‌ಗೆ ಒಯ್ಯುವುದು ಹೇಗೆ, ಚೀಟಿ ಓದುವುದು ಹೇಗೆ

ನಮ್ಮಪ್ಪನ ಗ್ಯಾರೇಜು ಇದ್ದದ್ದು ಹಾಸನದ ಬಿ.ಎಂ. ರಸ್ತೆಯಲ್ಲಿ. ಯಮಹಾ ಆರ್‌ಎಕ್ಸ್ 100 ಇನ್ನೂ ತಿರುವಿನಲ್ಲಿ ಇರುವಾಗಲೇ ಸದ್ದು ಕೇಳಿ, ಕಾರ್ಬುರೇಟರ್‌ನಲ್ಲಿ ಕಸ ಕೂತಿದೆ ಅನ್ನುತ್ತಿದ್ದರು. ಆ ಸದ್ದಿನಲ್ಲಿ ಬೆಳೆದ ನಾನು ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಬುಧವಾರ ಸಂಜೆ ಸೊನೋಮಾ ರೇಸ್‌ವೇಯಲ್ಲಿ ನಮ್ಮಂಥ ಸಾಮಾನ್ಯರಿಗೂ ಡ್ರ್ಯಾಗ್ ಸ್ಟ್ರಿಪ್, ಅಂದರೆ ಎರಡು ಕಾರು ಪಕ್ಕಪಕ್ಕ ನೇರಕ್ಕೆ ಓಡಿ ಸಮಯ ಅಳೆಸಿಕೊಳ್ಳುವ ಹಾದಿ, ಬಿಟ್ಟುಕೊಡುತ್ತಾರೆ. ನನ್ನ ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್ ತಗೊಂಡು ಅಲ್ಲಿಗೆ ಹೋಗುತ್ತೇನೆ. ಇಲ್ಲಿನ ಕನ್ನಡದ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಎರಡೇ ಪ್ರಶ್ನೆ: "ಅಕ್ಕಾ, ಎಂಜಿನ್ ಕಾಲ ಮುಗೀತಾ? ನಾವೂ ಬರಬೇಕು ಅಂದ್ರೆ ಏನೇನು ಮಾಡಬೇಕು?" ಎರಡನೆಯದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಮೊದಲನೆಯದೂ ಅದರಲ್ಲೇ ಬರುತ್ತದೆ. ಕಾಲು ಮೈಲಿ ಓಡಿಸಿದ ಮೇಲೆ ಕೈಗೆ ಸಿಗುವ ಚೀಟಿಯಲ್ಲಿ ಎಲ್ಲ ಬರೆದಿರುತ್ತದೆ.

ಮೊದಲೇ ಒಂದು ಮಾತು. ಇದನ್ನೆಲ್ಲ ಟ್ರ್ಯಾಕ್‌ನಲ್ಲಿ ಮಾತ್ರ ಮಾಡಿ. ನನ್ನ ಜೊತೆ ಓದಿದವನೊಬ್ಬ ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ಬೈಕ್ ಪಂದ್ಯ ಕಟ್ಟಿ ಎಡಗಾಲು ಕಳೆದುಕೊಂಡ. ರಸ್ತೆಯಲ್ಲಿ ಎದುರಿಗೆ ಬರುವವನಿಗೆ ನಿಮ್ಮ ಪಂದ್ಯದ ವಿಷಯ ಗೊತ್ತಿರುವುದಿಲ್ಲ. ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ಓದಿ; ಟ್ರ್ಯಾಕ್‌ನಲ್ಲಿ ಆದ ಹಾನಿಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ತಯಾರಿ ಶುರುವಾಗುವುದು ಚಾರ್ಜ್‌ನಿಂದ. ಫ್ರೀಮಾಂಟ್‌ನಿಂದ ಸೊನೋಮಾಗೆ ಸುಮಾರು 60 ಮೈಲಿ. ಮೊದಲ ಸಲ ನಾನು ಶೇ. 75ರಲ್ಲಿ ಮನೆ ಬಿಟ್ಟೆ, ಸಾಲಿನಲ್ಲಿ ನಿಲ್ಲುವಾಗ ಶೇ. 48 ಉಳಿದಿತ್ತು. ಆ ದಿನದ ಓಟ 11.98 ಸೆಕೆಂಡ್. ಮುಂದಿನ ವಾರ ಟ್ರ್ಯಾಕ್‌ಗೆ ಹತ್ತಿರದ ವೇಗದ ಚಾರ್ಜರ್‌ನಲ್ಲಿ ಶೇ. 95ರ ತನಕ ತುಂಬಿಸಿಕೊಂಡು ಹೋದೆ: 11.61. ಕಾರು ಅದೇ, ಟೈರು ಅದೇ, ಓಡಿಸಿದವಳೂ ನಾನೇ. ಕಾರಣ ಸರಳ. ಚಾರ್ಜ್ ಇಳಿದ ಹಾಗೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ. ಕಾಲು ಒತ್ತಿದಾಗ ಒಮ್ಮೆಲೇ ಅಷ್ಟೊಂದು ಕರೆಂಟ್ ಎಳೆದರೆ ಇನ್ನೂ ಕುಸಿಯುತ್ತದೆ. ನಮ್ಮೂರಲ್ಲಿ ಸಂಜೆ ಎಲ್ಲರೂ ಪಂಪ್‌ಸೆಟ್ ಹಾಕಿದಾಗ ಬಲ್ಬು ಮಂಕಾಗುತ್ತಿತ್ತಲ್ಲ, ಇದೂ ಹಾಗೇ.

ಬ್ಯಾಟರಿ ಬೆಚ್ಚಗೂ ಇರಬೇಕು. ತಣ್ಣಗಿದ್ದರೆ ಒಳಗಿನ ತಡೆ ಹೆಚ್ಚು, ಆಗ ಕಾರೇ ತನ್ನ ಶಕ್ತಿಗೆ ಕತ್ತರಿ ಹಾಕುತ್ತದೆ. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ನಲ್ಲಿ ಇದಕ್ಕೆಂದೇ ಡ್ರ್ಯಾಗ್ ಸ್ಟ್ರಿಪ್ ಮೋಡ್ ಇದೆ. ಅದು ಬ್ಯಾಟರಿಯನ್ನು ಕಾಯಿಸಿ, ಮೋಟರನ್ನು ತಣ್ಣಗೆ ಮಾಡಿ ಕೊಡುತ್ತದೆ. ನನ್ನ ಕಾರಿನಲ್ಲಿ ಅದಿಲ್ಲ. ನಾನು ಮಾಡುವುದು ಇಷ್ಟು: ನಕ್ಷೆಯಲ್ಲಿ ಚಾರ್ಜರ್‌ಗೆ ದಾರಿ ಹಾಕುತ್ತೇನೆ, ಕಾರು ಚಾರ್ಜಿಂಗ್‌ಗೆ ಅಂತ ಬ್ಯಾಟರಿ ಕಾಯಿಸುತ್ತಾ ಹೋಗುತ್ತದೆ, ಚಾರ್ಜ್ ಆದ ಕೂಡಲೇ ನೇರ ಟ್ರ್ಯಾಕ್‌ಗೆ.

ಗೇಟಿನ ಒಳಗೆ ಹೋದಮೇಲೆ ಡಿಕ್ಕಿ ಖಾಲಿ ಮಾಡಿ. ಮ್ಯಾಟ್, ನೀರಿನ ಬಾಟಲಿ, ಮಗುವಿನ ಸೀಟು ಎಲ್ಲ ಹೊರಗೆ. ಬ್ರೇಕ್ ಹಿಡಿದಾಗ ಒಂದು ಬಾಟಲಿ ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಸಾಕು. ತಪಾಸಣೆಯವರು ಚಕ್ರದ ನಟ್ಟು, ಟೈರು, ಸೀಟ್‌ಬೆಲ್ಟ್, ಹೆಲ್ಮೆಟ್ ನೋಡುತ್ತಾರೆ. ಹೆಲ್ಮೆಟ್ ಒಳಗೆ ಅದನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಮುದ್ರೆ ಇರಬೇಕು, ಊರಿನ ಸ್ಕೂಟರ್ ಹೆಲ್ಮೆಟ್ ನಡೆಯುವುದಿಲ್ಲ. ಪೂರ್ತಿ ಪ್ಯಾಂಟು, ಮುಚ್ಚಿದ ಶೂ. ನಿಮ್ಮದು ಪ್ಲೇಡ್‌ನಂಥ ಕಾರಾದರೆ ರೋಲ್ ಕೇಜ್ (ಕಾರು ಉರುಳಿದರೆ ಚಾಲಕನನ್ನು ಕಾಯುವ ಲೋಹದ ಚೌಕಟ್ಟು), ಲೈಸೆನ್ಸ್ ನಿಯಮ ಏನು ಅಂತ ಮೊದಲೇ ಫೋನ್ ಮಾಡಿ ಕೇಳಿ. 9 ಸೆಕೆಂಡಿನ ಆಸುಪಾಸು ಓಡುವ ಕಾರನ್ನು ಅಂಗಡಿಯಿಂದ ತಂದ ಹಾಗೇ ಬಿಡುವುದಕ್ಕೆ ಎಲ್ಲ ಟ್ರ್ಯಾಕ್‌ಗಳೂ ಒಪ್ಪುವುದಿಲ್ಲ.

ಗಾಜಿನ ಮೇಲೆ ನಂಬರು ಬರೆಯುವುದಕ್ಕೆ ಅಲ್ಲಿ ಬಿಳಿ ಶೂ ಪಾಲಿಶ್ ಬಳಸುತ್ತಾರೆ. ಪಕ್ಕದ ಪೆಟ್ರೋಲ್ ಕಾರು, ಫೋರ್ಡ್ ಮಸ್ಟಾಂಗ್‌ನ ಅಜ್ಜ ತನ್ನ ಬಾಟಲಿ ಕೊಟ್ಟು, "ದೊಡ್ಡದಾಗಿ ಬರಿ ಮಗಳೇ, ಗೋಪುರದವರಿಗೆ ಕಾಣಬೇಕು" ಅಂದ. ನನ್ನ ಕಾರಿನ ಬಾನೆಟ್ ಎತ್ತಿಸಿ ನೋಡಿದ, ಅಲ್ಲಿ ಎಂಜಿನ್ ಇಲ್ಲದ್ದು ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಟೈರಿಗೆ ಎಷ್ಟು ಗಾಳಿ ಇಟ್ಟಿದ್ದೀಯ ಅಂತ ಕೇಳಿದ. 42 ಅಂದೆ. 36ಕ್ಕೆ ಇಳಿಸು ಅಂದ. ಇಳಿಸಿದೆ, ಮೊದಲ 60 ಅಡಿಯಲ್ಲಿ 0.05 ಸೆಕೆಂಡ್ ಉಳಿಯಿತು. ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಿಕೊಳ್ಳಿ, ಹೆದ್ದಾರಿಯಲ್ಲಿ ಗಾಳಿ ಕಮ್ಮಿ ಇರಬಾರದು.

ಸರದಿ ಬಂದಾಗ ಎಸಿ ಆರಿಸಿ, ಅದರ ನೀರು ಟ್ರ್ಯಾಕ್ ಮೇಲೆ ತೊಟ್ಟಿಕ್ಕಬಾರದು. ಮುಂದೆ ನೀರು ಹಾಕಿದ ಜಾಗ ಬರುತ್ತದೆ. ರೇಸ್ ಟೈರಿನವರು ಅಲ್ಲಿ ಚಕ್ರ ತಿರುಗಿಸಿ ಟೈರು ಕಾಯಿಸುತ್ತಾರೆ. ರಸ್ತೆ ಟೈರಿನವರು ಅದನ್ನು ಸುತ್ತಿ ಹೋಗಬೇಕು. ನಾನು ಮೊದಲ ಸಲ ನೇರ ಅದರೊಳಗೇ ಹೋದೆ. ಟೈರಿನ ಗೀರುಗಳಲ್ಲಿ ನೀರು ತುಂಬಿಕೊಂಡು ಗೆರೆಯ ತನಕ ಸೋರಿತು, ನನ್ನ ಹಿಂದಿನವನಿಗೂ ಹಿಡಿತ ಸಿಗಲಿಲ್ಲ. ಅವನ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ.

ಗೆರೆಯ ಹತ್ತಿರ ನೆಲದಿಂದ ಸ್ವಲ್ಪ ಮೇಲೆ ಎರಡು ಬೆಳಕಿನ ಕಿರಣ ಇರುತ್ತವೆ. ಮೊದಲನೆಯದನ್ನು ಮುಂದಿನ ಟೈರು ಮುಟ್ಟಿದರೆ ಕಂಬದ ಮೇಲಿನ ಮೊದಲ ಜೋಡಿ ದೀಪ, ಇನ್ನು ಕೆಲವು ಅಂಗುಲ ಮುಂದೆ ಹೋದರೆ ಎರಡನೆಯದು. ಎಲೆಕ್ಟ್ರಿಕ್ ಕಾರು ಇಲ್ಲಿ ತುಂಬಾ ವಿಧೇಯ, ಕ್ಲಚ್ಚಿನ ತಂಟೆಯಿಲ್ಲ, ಕೂದಲೆಳೆಯಷ್ಟು ಸರಿಸಬಹುದು. ಎರಡನೇ ದೀಪ ಹತ್ತಿದ ಕ್ಷಣ ನಿಲ್ಲಿಸಿ. ಆಮೇಲೆ ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಹತ್ತುತ್ತವೆ. ಹಸಿರಿಗೆ ಕಾಯಬೇಡಿ, ಮೂರನೇ ಹಳದಿ ಕಂಡಾಗ ಕಾಲು ಪೂರ್ತಿ ಒತ್ತಿ. ಮೊದಲ ದಿನ ಇದರ ಬಗ್ಗೆ ತಲೆಬಿಸಿ ಬೇಡ: ಟೈರು ಕಿರಣ ಬಿಟ್ಟಮೇಲೆ ಮಾತ್ರ ಗಡಿಯಾರ ಓಡುತ್ತದೆ, ತಡವಾಗಿ ಹೊರಟರೂ ಕಾರಿನ ಸಮಯ ಕೆಡುವುದಿಲ್ಲ.

ಗೆರೆ ದಾಟಿದ ಮೇಲಿನದು ಎಲೆಕ್ಟ್ರಿಕ್ ಕಾರಿನವರಿಗೆ ಮುಖ್ಯ. ಬ್ಯಾಟರಿ ತುಂಬಿದ್ದಾಗ ಪೆಡಲಿನಿಂದ ಕಾಲು ತೆಗೆದರೆ, ಮೋಟರ್ ಕರೆಂಟ್ ಹುಟ್ಟಿಸುತ್ತಾ ಕಾರನ್ನು ತಾನೇ ತಡೆಯುವುದು ದಿನದ ಹಾಗೆ ಆಗುವುದಿಲ್ಲ, ಯಾಕೆಂದರೆ ವಾಪಸ್ ಬರುವ ಕರೆಂಟಿಗೆ ಒಳಗೆ ಜಾಗವಿಲ್ಲ. ಗಂಟೆಗೆ 115 ಮೈಲಿಯಲ್ಲಿ ಇದು ಗಾಬರಿ ತರುತ್ತದೆ. ಕಾಲು ಬ್ರೇಕ್ ಮೇಲೆ ಸಿದ್ಧ ಇರಲಿ.

ಈಗ ಚೀಟಿ. ವಾಪಸ್ ಬರುವ ದಾರಿಯ ಗೂಡಿನಲ್ಲಿ ಕೊಡುತ್ತಾರೆ, ಬೆರಳುದ್ದದ ಕಾಗದ, ಕಾರಿಗೊಂದರಂತೆ ಎರಡು ಕಾಲಂ ಅಂಕಿ. ಮಸ್ಟಾಂಗ್ ಅಜ್ಜನ ಜೊತೆ ಓಡಿದ ದಿನದ್ದು ನನ್ನ ನೋಟ್‌ಬುಕ್ಕಿನಲ್ಲಿದೆ. 60 ಅಡಿ: ನನ್ನದು 1.67, ಅವನದು 1.82. ಅರ್ಧ ದಾರಿ, 660 ಅಡಿ: ನನ್ನದು 7.33, ಅವನದು 7.45. ಕೊನೆ, 1,320 ಅಡಿ: ನನ್ನದು 11.61, ಗಂಟೆಗೆ 115 ಮೈಲಿ, ಅವನದು 11.48, ಗಂಟೆಗೆ 122 ಮೈಲಿ. ಅರ್ಧದ ತನಕ ನಾನು ಮುಂದೆ, ಕೊನೆಯಲ್ಲಿ ಅವನು ಮುಂದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಮೂರು ಸಾಲಿನಲ್ಲೇ ಇದೆ. ಮೋಟರಿಗೆ ಸೊನ್ನೆ ವೇಗದಲ್ಲೇ ಪೂರ್ತಿ ತಿರುಚು ಬಲ, ಅದೂ ನಾಲ್ಕೂ ಚಕ್ರಕ್ಕೆ. ಅದಕ್ಕೇ ಆ 60 ಅಡಿ. ಆದರೆ ನನಗಿರುವುದು ಒಂದೇ ಗೇರು. ಮೋಟರ್ ಜೋರಾಗಿ ತಿರುಗಿದಷ್ಟೂ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿಗೆ ತಳ್ಳುವ ಶಕ್ತಿ ಉಳಿಯುವುದಿಲ್ಲ. ಸುಮಾರು 1,850 ಕೆ.ಜಿ. ತೂಕ ಬೇರೆ. ಅಜ್ಜ ಅಲ್ಲಿ ಗೇರು ಬದಲಿಸಿ ಎಂಜಿನ್ನನ್ನು ಮತ್ತೆ ಅದರ ಹದಕ್ಕೆ ತರುತ್ತಾನೆ. ಸೊನೋಮಾ ಸಮುದ್ರದ ಪಕ್ಕ, ಗಾಳಿ ದಟ್ಟ. ಅದೂ ಎಂಜಿನ್ನಿಗೆ ಲಾಭ. ಡೆನ್ವರ್ ಹತ್ತಿರದ ಬ್ಯಾಂಡಿಮಿಯರ್ ಸ್ಪೀಡ್‌ವೇ ಸುಮಾರು 5,800 ಅಡಿ ಎತ್ತರದಲ್ಲಿತ್ತು, 2023ರಲ್ಲಿ ಮುಚ್ಚಿತು. ಅಲ್ಲಿನ ತೆಳು ಗಾಳಿಯಲ್ಲಿ ಎಂಜಿನ್‌ಗಳು ಏದುಸಿರು ಬಿಡುತ್ತಿದ್ದವು, ಬ್ಯಾಟರಿಗೆ ಅದರ ಪರಿವೆಯೇ ಇರುವುದಿಲ್ಲ.

ಹಾಗಾಗಿ ಶೋರೂಮಿನಿಂದ ನೇರ ಬಂದ ಕಾರುಗಳ ಮಟ್ಟದಲ್ಲಿ ಕೇಳಿದರೆ, ಎಲೆಕ್ಟ್ರಿಕ್ ಗೆದ್ದಾಯಿತು ಅನ್ನುತ್ತೇನೆ. ಪ್ಲೇಡ್ 2021ರಲ್ಲೇ ಕಾಲು ಮೈಲಿಯನ್ನು 9.3 ಸೆಕೆಂಡಿನೊಳಗೆ ಮುಗಿಸಿತು. ಅದರಲ್ಲಿ ಹಾಲು ತರಕಾರಿಯನ್ನೂ ತರಬಹುದು. ಫೋರ್ಡ್ ರೇಸ್‌ಗೆಂದೇ ಕಟ್ಟಿದ ಎಲೆಕ್ಟ್ರಿಕ್ ಮಸ್ಟಾಂಗ್ ಕೋಬ್ರಾ ಜೆಟ್ 1400, 2020ರಲ್ಲಿ 8.27 ಸೆಕೆಂಡ್ ಓಡಿತು. ಇದು ಒಮ್ಮೆಲೇ ಆದದ್ದಲ್ಲ. ಒರೆಗಾನ್‌ನ ಜಾನ್ ವೇಲ್ಯಾಂಡ್ 1972ರ ಪುಟ್ಟ ಡಾಟ್ಸನ್ ಒಂದಕ್ಕೆ ಬ್ಯಾಟರಿ ಕೂರಿಸಿ, ವೈಟ್ ಜಾಂಬಿ ಅಂತ ಹೆಸರಿಟ್ಟು, ಎಂಟು ಸಿಲಿಂಡರಿನ ದೊಡ್ಡ ವಿ8 ಕಾರುಗಳನ್ನು ವರ್ಷಗಟ್ಟಲೆ ಸೋಲಿಸುತ್ತಿದ್ದರು.

ಮೇಲಿನ ಮೆಟ್ಟಿಲಿನ ಕಥೆ ಬೇರೆ. ಟಾಪ್ ಫ್ಯೂಯಲ್ ಅನ್ನುವ ಉದ್ದ ಮೂತಿಯ ಕಾರುಗಳು ಪೆಟ್ರೋಲ್ ಬದಲು ನೈಟ್ರೊಮೀಥೇನ್ (ನೈಟ್ರೊ) ಅನ್ನುವ ಇಂಧನ ಕುಡಿಯುತ್ತವೆ. ಒಂದು ಕೆ.ಜಿ. ಪೆಟ್ರೋಲ್ ಉರಿಯಲು 14.7 ಕೆ.ಜಿ. ಗಾಳಿ ಬೇಕು, ನೈಟ್ರೊಗೆ 1.7 ಸಾಕು, ಆಮ್ಲಜನಕ ಅದರೊಳಗೇ ಇದೆ. 11,000ಕ್ಕೂ ಮೀರಿದ ಅಶ್ವಶಕ್ತಿ, 1,000 ಅಡಿ ಮುಗಿಸಲು 3.7 ಸೆಕೆಂಡಿನಷ್ಟು, ಗಂಟೆಗೆ 330 ಮೈಲಿಗೂ ಹೆಚ್ಚು ವೇಗ. ಸೊನೋಮಾದಲ್ಲಿ ವರ್ಷಕ್ಕೊಮ್ಮೆ ಬರುತ್ತವೆ. ಬೇಲಿಯ ಹತ್ತಿರ ನಿಂತರೆ ಸದ್ದು ಕಿವಿಗಲ್ಲ, ಎದೆಗೂಡಿಗೆ ಬಡಿಯುತ್ತದೆ, ಹೊಗೆಗೆ ಕಣ್ಣಲ್ಲಿ ನೀರು ಬರುತ್ತದೆ. ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅವರು ಕಿವಿಯ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಒಂದು ಲೆಕ್ಕ ಮಾಡಿ ನೋಡಿ. 11,000 ಅಶ್ವಶಕ್ತಿ ಎಂದರೆ ಸುಮಾರು 8,200 ಕಿಲೋವ್ಯಾಟ್. ಅಷ್ಟನ್ನು 3.7 ಸೆಕೆಂಡ್ ಕೊಟ್ಟರೆ ಒಟ್ಟು ಖರ್ಚು ಸುಮಾರು 8 ಯೂನಿಟ್ ಕರೆಂಟ್. ಹಾಸನದ ನಮ್ಮ ಮನೆಗೆ ಎರಡು ದಿನಕ್ಕೆ ಆಗುವಷ್ಟು, ಅಷ್ಟೇ! ನನ್ನ ಕಾರಿನ ಬ್ಯಾಟರಿಯಲ್ಲೇ ಅದರ ಎಂಟು ಒಂಬತ್ತು ಪಟ್ಟು ಇದೆ. ಎಷ್ಟು ತುಂಬಿಸಬಹುದು ಅನ್ನುವುದು ಡ್ರ್ಯಾಗ್‌ನಲ್ಲಿ ತೊಡಕೇ ಅಲ್ಲ, ಎಷ್ಟು ಬೇಗ ಸುರಿಯಬಹುದು ಅನ್ನುವುದೇ ತೊಡಕು. ಕೊಡ ತುಂಬ ನೀರಿದೆ, ಕಂಠ ಸಣ್ಣದು. 1,020 ಅಶ್ವಶಕ್ತಿಯ ಪ್ಲೇಡ್‌ಗಳ ಹತ್ತು ಹನ್ನೊಂದು ಕಾರಿನ ಬಲವನ್ನು ಒಂದು ಪ್ಲೇಡ್‌ನ ಅರ್ಧ ತೂಕದಲ್ಲಿ ಕೂರಿಸಬೇಕು.

ಅದಕ್ಕೆ ಪ್ರಯತ್ನ ಆಗಿಲ್ಲ ಅಂತಲ್ಲ. 1970ರಲ್ಲಿ ಕಾರು ಸಿಡಿದು ಬಲಪಾದದ ಒಂದು ಭಾಗ ಕಳೆದುಕೊಂಡು, ಆಮೇಲೆ ಎಂಜಿನ್ನನ್ನು ಚಾಲಕನ ಹಿಂದಿಟ್ಟು ಗೆದ್ದು ತೋರಿಸಿದ ಡಾನ್ ಗಾರ್ಲಿಟ್ಸ್, 2014ರಲ್ಲಿ ತಮ್ಮ 82ನೇ ವಯಸ್ಸಿಗೆ ಎಲೆಕ್ಟ್ರಿಕ್ ಡ್ರ್ಯಾಗ್‌ಸ್ಟರ್‌ನಲ್ಲಿ ಗಂಟೆಗೆ 184 ಮೈಲಿ ಓಡಿದರು. ನೈಟ್ರೊದ ದೊಡ್ಡಣ್ಣನೇ ಬ್ಯಾಟರಿ ಹಿಡಿದದ್ದು ನೋಡಿ ನನಗೆ ರೋಮಾಂಚನವಾಗಿತ್ತು. ಎಲೆಕ್ಟ್ರಿಕ್ ಡ್ರ್ಯಾಗ್‌ಸ್ಟರ್‌ಗಳಲ್ಲಿ ಮೊದಲು 200 ದಾಟಿದ್ದು ಸ್ಟೀವ್ ಹಫ್, 2020ರಲ್ಲಿ, 201 ಮೈಲಿ. 330 ಇನ್ನೂ ದೂರ. ನೈಟ್ರೊ ಕಾರನ್ನು ಬ್ಯಾಟರಿ ಸೋಲಿಸಿಬಿಡುವ ದಿನ ನಾನು ಇರುವಾಗಲೇ ಬರಲಿ ಅಂತ ಒಂದು ಮನಸ್ಸು, ಆ ಸದ್ದು ನಿಲ್ಲಬಾರದು ಅಂತ ಇನ್ನೊಂದು. ಎರಡೂ ನಿಜ.

ನೀವು ಸ್ಪರ್ಧೆಗೇ ಇಳಿಯುವುದಾದರೆ ಬ್ರಾಕೆಟ್ ರೇಸ್‌ಗೆ ಹೆಸರು ಕೊಡಿ. ಅಲ್ಲಿ ವೇಗ ಮುಖ್ಯವಲ್ಲ; ನಿಮ್ಮ ಸಮಯವನ್ನು ನೀವೇ ಮೊದಲು ಹೇಳಬೇಕು, ನಿಧಾನದ ಕಾರಿಗೆ ಮೊದಲು ಹಸಿರು ಬೀಳುತ್ತದೆ, ಹೇಳಿದ್ದಕ್ಕಿಂತ ಬೇಗ ಓಡಿದರೆ ಸೋಲು. ಒಂದೇ ಚಾರ್ಜ್ ಮಟ್ಟ, ಒಂದೇ ಬಿಸಿಯಲ್ಲಿ ಓಡಿಸಿದರೆ ಎಲೆಕ್ಟ್ರಿಕ್ ಕಾರು ಹೇಳಿದ ಮಾತು ತಪ್ಪುವುದಿಲ್ಲ: ನನ್ನ ಒಂದು ಸಂಜೆಯ ಮೂರು ಓಟ 11.61, 11.63, 11.62. ಪ್ರತಿ ಓಟಕ್ಕೆ ಮುಂಚೆ ಚಾರ್ಜ್ ಎಷ್ಟಿತ್ತು ಅಂತ ಬರೆದಿಡಿ, ಶೇ. 80ಕ್ಕಿಂತ ಕೆಳಗೆ ಇಳಿದ ಮೇಲೆ ಹಳೆಯ ಅಂಕಿ ನಂಬಬೇಡಿ.

ಚೀಟಿ ಕೈಗೆ ಬಂದ ಕೂಡಲೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಅದು ಬಿಸಿಗೆ ಅಚ್ಚಾಗುವ ಕಾಗದ. ನನ್ನ ಮೊದಲ ಚೀಟಿಯನ್ನು ಅಪ್ಪನಿಗೆ ತೋರಿಸಬೇಕು ಅಂತ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೆ. ಆ ಬೇಸಿಗೆ ಕಳೆಯುವಷ್ಟರಲ್ಲಿ 11.98 ಇದ್ದ ಜಾಗದಲ್ಲಿ ಬರೀ ಕಪ್ಪು ಕಾಗದ ಇತ್ತು.